ಲಾಸಾ ಆಪ್ಸೊ ನೆಂಟರನ್ನು ಕಂಡರೆ ಏಕೆ ಬೊಗಳುತ್ತದೆ?

ಮಾನ್ಯರೇ,

ನಿಮ್ಮ ಎರಡು ವರ್ಷದ ಲಾಸಾ ಆಪ್ಸೊ ನಾಯಿ ಮನೆಯವರೊಂದಿಗೆ ಅಕ್ಕರೆಯಿಂದಿದ್ದರೂ ನೆಂಟರು ಹೊಸ್ತಿಲು ದಾಟಲು ಬಿಡುವುದಿಲ್ಲವೆಂದೂ, ಪಕ್ಕದ ಮನೆಯ ಶಿತ್ಸು ತಳಿಯ ನಾಯಿ ಕಂಡವರ ಮಡಿಲನ್ನೆಲ್ಲ ಏರುವಾಗ ನಿಮ್ಮದಕ್ಕೆ ಮಾತ್ರ ಈ ಸಿಡುಕು ಏಕೆಂದೂ, ತಳಿ ಬೆರಕೆಯಾಗಿರಬಹುದೇ ಎಂದೂ ಕೇಳಿದ್ದೀರಿ. ಬೆರಕೆಯೋ ಅಲ್ಲವೋ ಎಂಬುದನ್ನು ಪತ್ರ ಓದಿ ಹೇಳಲಾಗದು. ಆದರೆ ನೀವು ಬಣ್ಣಿಸಿರುವ ನಡವಳಿಕೆಯಂತೂ ಅಸಲಿ ಲಾಸಾ ಆಪ್ಸೊದ್ದೇ.

ಟಿಬೆಟ್ಟಿನ ಬೌದ್ಧ ಮಠಗಳಲ್ಲಿ ಮತ್ತು ಉಳ್ಳವರ ಮನೆಗಳಲ್ಲಿ ಹೆಬ್ಬಾಗಿಲ ಬಳಿ ದೈತ್ಯ ಮ್ಯಾಸ್ಟಿಫ್ ನಾಯಿಯನ್ನು ಸರಪಳಿಯಲ್ಲಿ ಕಟ್ಟಿರುತ್ತಿದ್ದರು. ಅದರ ಕಣ್ತಪ್ಪಿಸಿ ಒಳಬಂದವರ ಸುಳಿವನ್ನು ಬೊಗಳಿ ತಿಳಿಸುವುದು ಈ ಪುಟ್ಟ ನಾಯಿಯ ಪಾಲಿನ ಕೆಲಸವಾಗಿತ್ತು. ಹತ್ತು ಹನ್ನೊಂದು ಅಂಗುಲ ಎತ್ತರದ ಪ್ರಾಣಿ ಕಳ್ಳನನ್ನು ಕೆಡವಲಾರದು, ಕೆಡವಬೇಕೆಂದು ಯಾರೂ ಬಯಸಿರಲೂ ಇಲ್ಲ. ಕಿವಿ ಚುರುಕಾಗಿರಬೇಕಿತ್ತು, ಪರಿಚಿತರಾರು ಅಪರಿಚಿತರಾರು ಎಂಬುದು ತಿಳಿಯಬೇಕಿತ್ತು, ಒಡೆಯನ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸಿ ಕೂಗಬೇಕಿತ್ತು. ತಲೆಮಾರುಗಳಿಂದ ಇಂಥ ಗುಣಕ್ಕೇ ಬೆಲೆ ಕೊಟ್ಟು ಸಾಕಿದ ತಳಿಯನ್ನು ನಾವು ಗೊಂಬೆಯೆಂದು ಮನೆಗೆ ತರುತ್ತೇವೆ.

ಹೊರದೇಶದವರಿಗೂ ಇದರ ಜಾತಕ ಸುಲಭವಾಗಿ ಹೊಂದಲಿಲ್ಲ. ಸಿಕ್ಕಿಂನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಎಫ್. ಎಂ. ಬೇಯ್ಲಿ ದಂಪತಿಗಳು 1928ರಲ್ಲಿ ಇವನ್ನು ಇಂಗ್ಲೆಂಡಿಗೆ ಒಯ್ದರು. ಹದಿಮೂರನೆಯ ದಲೈ ಲಾಮಾ ಕಾಣಿಕೆಯಾಗಿ ಕೊಟ್ಟ ಜೋಡಿಯೊಂದು 1933ರಲ್ಲಿ ಸೈಡಮ್ ಕಟಿಂಗ್ ಎಂಬವರ ಮೂಲಕ ಅಮೆರಿಕ ಸೇರಿತು. ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಸಂಸ್ಥೆ ಕೆನಲ್ ಕ್ಲಬ್ 1935ರಲ್ಲಿ ತಳಿಗೆ ಮಾನ್ಯತೆಯನ್ನೇನೋ ಕೊಟ್ಟಿತು, ಆದರೆ ಸೇರಿಸಿದ್ದು ಟೆರಿಯರ್‌ಗಳ ಗುಂಪಿಗೆ. ಬಿಲ ತೋಡಿ ಇಲಿ, ನರಿಗಳನ್ನು ಹಿಡಿಯುವ ಆ ನಾಯಿಗಳಿಗೂ ಮಠದ ಈ ನಾಯಿಗೂ ಎಲ್ಲಿಯ ನಂಟೋ! ಅಲ್ಲಿಂದ ಅದನ್ನು ಬಿಡಿಸಿದ್ದು 1959ರಲ್ಲಿ.

ಶಿತ್ಸು ಕೂಡ ಟಿಬೆಟ್ ಮೂಲದ್ದೆಂದೇ ನಂಬಿಕೆಯಿದ್ದರೂ ಅದು ರೂಪುಗೊಂಡದ್ದು ಚೀನಾದ ಅರಮನೆಯಲ್ಲಿ, ಮುದ್ದಿಗಾಗಿ. ಅದರ ಕಣ್ಣು ದೊಡ್ಡದು, ದುಂಡಗಿನದು, ಮೂತಿ ಚಪ್ಪಟೆ. ಲಾಸಾದ ತಲೆ ಕಿರಿದು, ಮೂತಿ ತುಸು ಉದ್ದ, ಕೂದಲು ರೇಷ್ಮೆಯಂತಿರದೆ ಗಡುಸಾಗಿರುತ್ತದೆ. ಕೊಳ್ಳುವಾಗ ಇಷ್ಟನ್ನು ನೋಡಿಕೊಂಡರೆ ಮಾರುವವರ ಮಾತಿಗೆ ಮರುಳಾಗಬೇಕಿಲ್ಲ.

ಇನ್ನು ನೆಂಟರ ವಿಚಾರ. ಬಂದವರು ಬಗ್ಗಿ ತಲೆ ಸವರಲು ಹೋಗುವುದನ್ನು ಮೊದಲು ನಿಲ್ಲಿಸಿ. ಕಣ್ಣಿನ ಮೇಲೆ ಕೂದಲು ಇಳಿಬಿದ್ದ ನಾಯಿಗೆ ಮೇಲಿನಿಂದ ಬರುವ ಕೈ ಥಟ್ಟನೆ ಎದುರಾದಂತಾಗುತ್ತದೆ. ಅವರು ಸುಮ್ಮನೆ ಕುಳಿತಿರಲಿ. ಅದೇ ಬಂದು ಮೂಸಿ ನೋಡಲಿ, ಬೊಗಳು ನಿಂತ ಕ್ಷಣ ಒಂದು ತುಣುಕು ತಿಂಡಿ ಕೊಡಿ. ಹೊಡೆದರೆ ನೆಂಟರು ಬಂದಾಗಲೆಲ್ಲ ಪೆಟ್ಟು ಬೀಳುತ್ತದೆಂದು ಕಲಿತು ಇನ್ನಷ್ಟು ಕೆರಳುತ್ತದೆ. ಎರಡು ವರ್ಷಕ್ಕೆ ಈ ಪಾಠ ತಡವಾಯಿತು ನಿಜ, ಆದರೂ ಹನ್ನೆರಡು ಹದಿನೈದು ವರ್ಷ ಬದುಕುವ ತಳಿಯಿದು, ಕಾಲಾವಕಾಶವಿದೆ. ಬೇಸಿಗೆಯೆಂದು ಕೂದಲನ್ನು ಬುಡಮಟ್ಟ ಬೋಳಿಸಬೇಡಿ, ಚರ್ಮಕ್ಕೆ ಬಿಸಿಲು ನೇರವಾಗಿ ತಾಗುತ್ತದೆ; ಗಿಡ್ಡಗೆ ಕತ್ತರಿಸಿ, ದಿನಾ ಬಾಚಿ, ಕಣ್ಣಿಗೆ ಬೀಳುವ ಕೂದಲನ್ನು ಮೇಲಕ್ಕೆತ್ತಿ ಜುಟ್ಟು ಕಟ್ಟಿದರೆ ಸಾಕು.

– ಸಂಪಾದಕ