ದುಬೈನಲ್ಲಿ ಓಡಿಸುತ್ತಿರುವ ಕಾರನ್ನು ಭಟ್ಕಳಕ್ಕೆ ತರಬಹುದಾ? ಕಾರವಾರ ಬಂದರಿನಲ್ಲೇ ಇಳಿಸಬಹುದಾ?

ಎರಡಕ್ಕೂ ಉತ್ತರ ಇಲ್ಲ ಅಂತಲೇ. ದುಬೈ ಕಾರಿನ ಸ್ಟೇರಿಂಗ್ ಎಡಗಡೆ ಇರುತ್ತದೆ. ನಮ್ಮಲ್ಲಿ ಆಮದಾಗುವ ಹಳೇ ಕಾರಿಗೆ ಅದು ಬಲಗಡೆಯೇ ಇರಬೇಕು. ಇದು ಸುಮ್ನೆ ಮಾಡಿದ ನಿಯಮವಲ್ಲ. ದೇವಿಮನೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಿದ್ದೀರಿ ಅಂದುಕೊಳ್ಳಿ. ಎಡಕ್ಕೆ ಕೂತವರಿಗೆ ಎದುರಿನ ಬಸ್ಸು ಕಾಣಬೇಕಾದರೆ ಅರ್ಧ ಕಾರನ್ನೇ ಆಚೆ ಹಾಕಬೇಕು. ಜೀವಕ್ಕೇ ಅಪಾಯ ಅಲ್ವಾ?

ಬಲಗಡೆ ಸ್ಟೇರಿಂಗ್ ಇರುವ ದೇಶದಿಂದ ತರುವುದಾದರೂ ಕಾರು ತಯಾರಾಗಿ 3 ವರ್ಷ ದಾಟಿರಬಾರದು. ಹಳೇ ವಾಹನ ಇಳಿಸುವುದು ಮುಂಬೈನಲ್ಲಿ ಮಾತ್ರ. ತೆರಿಗೆಗಳೆಲ್ಲ ಸೇರಿದರೆ ಕಾರಿನ ಬೆಲೆಗಿಂತ ಜಾಸ್ತಿಯಾಗುತ್ತದೆ. ಹಾಗಾಗಿ ಅಲ್ಲೇ ಮಾರಿಬಿಡಿ. ಆ ದುಡ್ಡಿಗೆ ಊರಲ್ಲೇ ಒಳ್ಳೇ ಕಾರು ಬರುತ್ತದೆ. ಕರಾವಳಿಯ ಉಪ್ಪುಗಾಳಿ ಬೇರೆ ಇದೆ, ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಮರೆಯದೆ ಹಾಕಿಸಿ.