ನೋ ನಾಟಕದ ರಂಗದ ಮೇಲೆ ಸೆಟ್ ಯಾಕೆ ಇರುವುದಿಲ್ಲ?

ಜಪಾನಿನ ನೋ ನಾಟಕದ ವಿಡಿಯೋ ನೋಡಿದೆ, ಎಲ್ಲ ಕಥೆಗೂ ಹಿಂದೆ ಅದೇ ಪೈನ್ ಮರದ ಚಿತ್ರ, ಸೆಟ್ ಯಾಕೆ ಹಾಕುವುದಿಲ್ಲ ಅಂತ ಕೇಳಿದ್ದೀರಿ. ಟೋಕಿಯೋದ ರಾಷ್ಟ್ರೀಯ ನೋ ರಂಗಮಂದಿರದಲ್ಲಿ ಮೊದಲ ಸಲ ಕೂತಾಗ ನನಗೂ ಇದೇ ಅನುಮಾನ ಬಂದಿತ್ತು.

ಅವತ್ತು 'ಆಯೊಯಿ ನೊ ಉಎ' ಇತ್ತು. ಶುರುವಿಗೆ ಒಬ್ಬ ಸಹಾಯಕ ಬಂದು, ಮಡಿಸಿದ ಕಿಮೋನೋ ಒಂದನ್ನು ರಂಗದ ಮುಂದೆ ನೆಲಕ್ಕೆ ಹಾಸಿ ಹೋದ. ಸುಮ್ನೆ ಬಟ್ಟೆ ಇಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ಮುಂದಿನ ಸೀಟಿನ ಬೆನ್ನಲ್ಲಿದ್ದ ಪುಟ್ಟ ಪರದೆಯ ಸಬ್‌ಟೈಟಲ್ ಓದಿದರೆ, ಕಾಯಿಲೆ ಬಿದ್ದು ಮಲಗಿರುವ ಆಯೊಯಿಯೇ ಅದು! ನಾಟಕಕ್ಕೆ ಅವಳದೇ ಹೆಸರು, ಆದರೆ ಅವಳ ಪಾತ್ರಕ್ಕೆ ನಟನೇ ಇಲ್ಲ. ಸವತಿಮತ್ಸರದಿಂದ ಬೇಯುವ ರೊಕುಜೊಳ ಆತ್ಮ ಬಂದು ಬೀಸಣಿಗೆಯಿಂದ ಆ ಬಟ್ಟೆಯತ್ತ ಬೀಸಿ ಹೊಡೆದಾಗ ಮೈ ಜುಮ್ಮೆಂದಿತು. ಅಲ್ಲೊಂದು ಮಂಚ, ದಿಂಬು ಇದ್ದಿದ್ದರೆ ಹಾಗಾಗುತ್ತಿರಲಿಲ್ಲ ಬಿಡಿ.

ಉಳಿದ ಸಾಮಾನೂ ಹೀಗೆಯೇ. ದೋಣಿ ಬೇಕೆಂದರೆ ಬಿದಿರಿನ ಚೌಕಟ್ಟಿಗೆ ಬಿಳಿ ಬಟ್ಟೆ ಸುತ್ತಿ ತರುತ್ತಾರೆ, ಕೆಲಸ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಬೀಸಣಿಗೆ ಒಂದಿದ್ದರೆ ಬಟ್ಟಲೂ ಆಯಿತು, ಕತ್ತಿಯೂ ಆಯಿತು.

ಆದರೆ ರಂಗ ಬರಿದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುಮಾರು 6 ಮೀಟರ್ ಚೌಕದ ಆ ಜಾಗದಲ್ಲಿ ಪ್ರತಿಯೊಂದಕ್ಕೂ ಕೆಲಸವಿದೆ. ಮುಖವಾಡದ ಕಣ್ಣಿನ ತೂತು ಬಹಳ ಸಣ್ಣದು, ನಟನಿಗೆ ರಂಗದ ಅಂಚು ಕಾಣುವುದಿಲ್ಲ. ಮುಂದಿನ ಎಡಗಡೆಯ ಕಂಬ ನೋಡಿಕೊಂಡೇ ಅವನು ಹೆಜ್ಜೆ ಹಾಕುವುದು. ನಮಗೆ ಅದು ಅಡ್ಡ ಬರುತ್ತದೆ ನಿಜ, ತೆಗೆದರೆ ಅವನು ಕೆಳಗೆ ಬೀಳುತ್ತಾನೆ ಅಲ್ವಾ? ನಟರು ರಂಗಕ್ಕೆ ಬರಲು ಎಡಕ್ಕೆ ಚಾಚಿರುವ ಸೇತುವೆಯ ಪಕ್ಕ ಮೂರು ಪೈನ್ ಗಿಡ ಇರುತ್ತವೆ. ರಂಗದಿಂದ ದೂರ ಹೋದಂತೆ ಗಿಡ ಚಿಕ್ಕದಾಗುತ್ತದೆ, ಹಾಗಾಗಿ ನಟ ಎಲ್ಲೋ ದೂರದಿಂದ ಬಂದಂತೆ ಕಾಣುತ್ತದೆ. ಹಳೆಯ ರಂಗಗಳಲ್ಲಿ ಹಲಗೆಯ ಕೆಳಗೆ ದೊಡ್ಡ ಮಣ್ಣಿನ ಹಂಡೆಗಳನ್ನು ಇಡುತ್ತಿದ್ದರು, ಕಾಲು ಕುಟ್ಟಿದ ಸದ್ದು ಮೊಳಗಲಿ ಅಂತ.

ಭಾರಿ ಸಾಮಾನೇ ನೋಡಬೇಕೆಂದರೆ 'ದೋಜೋಜಿ' ಅನ್ನುವ ನೋ ನಾಟಕ ಹುಡುಕಿ. ಛಾವಣಿಯಿಂದ ದೊಡ್ಡ ಗಂಟೆ ತೂಗುತ್ತಿರುತ್ತದೆ. ಅದು ಬೀಳುವ ಹೊತ್ತಿಗೇ ಹುಡುಗಿಯ ಪಾತ್ರದ ನಟ ಅದರೊಳಗೆ ಜಿಗಿಯಬೇಕು. ಹಗ್ಗ ಬಿಡುವವನ ಲೆಕ್ಕ ಸ್ವಲ್ಪ ತಪ್ಪಿದರೂ ಅಪಾಯ. ಒಳಗೆ ಕತ್ತಲಲ್ಲಿ ಒಬ್ಬನೇ ವೇಷ, ಮುಖವಾಡ ಬದಲಿಸಿಕೊಳ್ಳುತ್ತಾನೆ. ಗಂಟೆ ಮೇಲೆದ್ದಾಗ ಹುಡುಗಿ ಇರುವುದಿಲ್ಲ, ಸರ್ಪ ಇರುತ್ತದೆ.

ಇಲ್ಲ, ನನಗೆ ಸೆಟ್ಟೇ ಬೇಕು ಅಂದರೆ ಜಪಾನಿನದೇ ಇನ್ನೊಂದು ಬಗೆಯ ನಾಟಕ ಕಬುಕಿ ನೋಡಿ. ತಿರುಗುವ ರಂಗವನ್ನು ಒಸಾಕಾದಲ್ಲಿ 1758ರಲ್ಲೇ ಮಾಡಿಟ್ಟಿದ್ದರು.