ಬಾಕಿಗೆ ಜಮಾ ಆಗದ ಹಣ

ಮಾನ್ಯರೇ,

ಕೊರೋನಾ ಕಾಲದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ದೊರೆತ ತುರ್ತು ಸಹಾಯಧನದ ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ದುಡಿದವರು ತಾವು ಎಂಬುದು ಅದರ ಮೊದಲ ಪುಟದಲ್ಲೇ ತಿಳಿಯುತ್ತದೆ. ತಮ್ಮ ಆಕ್ಷೇಪ ಎರಡು. ಶುಲ್ಕ ಬಾಕಿ ಉಳಿಸಿಕೊಂಡವನ ಕೈಗೆ, ರಸೀದಿಯನ್ನೂ ಕೇಳದೆ ಸರ್ಕಾರದ ಹಣ ಕೊಡುವುದು ಲೆಕ್ಕಾಚಾರದ ಶಿಸ್ತಿಗೆ ಒಪ್ಪುವ ಮಾತಲ್ಲ, ಅದು ಕಾಲೇಜಿನ ಖಾತೆಗೆ ಜಮಾ ಆಗಿ ಬಾಕಿ ತೀರಬೇಕಿತ್ತು ಎಂಬುದು ಮೊದಲನೆಯದು. ‘ಎಲ್ಲ ವಿದ್ಯಾರ್ಥಿಗಳಿಗೂ ನೆರವು ಸಿಕ್ಕಿತು’ ಎಂದು ನಮ್ಮ ಲೇಖನ ಹೇಳಿದ್ದರೂ ಅಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ತಮ್ಮ ತಂಗಿಯ ಮಗನಿಗೆ 2020ರಲ್ಲಿ ಬಿಡಿಗಾಸೂ ಬರದೆ, 2021ರಲ್ಲಿ ಮಾತ್ರ ಬಂದದ್ದು ಹೇಗೆ ಎಂಬುದು ಎರಡನೆಯದು.

ಮೊದಲನೆಯದನ್ನು ನಾನು ಒಪ್ಪಲಾರೆ. 2020ರ ಮಾರ್ಚ್ 27ರಂದು ಸಹಿಯಾದ, ಅಮೆರಿಕದ ಕೊರೋನಾ ಪರಿಹಾರದ ‘ಕೇರ್ಸ್’ ಕಾಯ್ದೆ ಉನ್ನತ ಶಿಕ್ಷಣಕ್ಕೆಂದು ಸುಮಾರು 1,400 ಕೋಟಿ ಡಾಲರ್ ಎತ್ತಿಟ್ಟಿತು. ಅದರಲ್ಲಿ ಸೂತ್ರದ ಪ್ರಕಾರ ಕಾಲೇಜುಗಳಿಗೆ ನೇರವಾಗಿ ಹಂಚಿದ ಪಾಲಿನ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಅಂದರೆ ಸುಮಾರು 628 ಕೋಟಿ ಡಾಲರ್, ವಿದ್ಯಾರ್ಥಿಗಳ ಕೈಗೇ ತಲುಪಬೇಕೆಂದು ಕಾಯ್ದೆ ವಿಧಿಸಿತು. ಯಾವ ಖರ್ಚಿಗೆ ಎಂಬುದನ್ನೂ ಅದು ಬಾಯಿಬಿಟ್ಟು ಹೇಳಿದೆ: ಕ್ಯಾಂಪಸ್ಸಿನ ಕೆಲಸಕಾರ್ಯ ಅಸ್ತವ್ಯಸ್ತವಾದದ್ದರಿಂದ ಬಿದ್ದ ಖರ್ಚು, ಉದಾಹರಣೆಗೆ ಊಟ, ವಸತಿ, ಪಠ್ಯಸಾಮಗ್ರಿ, ತಂತ್ರಜ್ಞಾನ, ಆರೋಗ್ಯ, ಮಕ್ಕಳ ಪಾಲನೆ. ಆ ಮಾರ್ಚ್ ತಿಂಗಳಲ್ಲಿ ಹಾಸ್ಟೆಲ್ ಕೋಣೆಯನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಿ ಹೊರಟ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಕ್ಯಾಂಪಸ್ ಗ್ರಂಥಾಲಯದಲ್ಲಿ ಗಂಟೆಗಿಷ್ಟೆಂದು ಸಿಗುತ್ತಿದ್ದ ಸಂಬಳ ನಿಂತಿದೆ, ತರಗತಿ ಪರದೆಯ ಮೇಲೆ ನಡೆಯುತ್ತಿದೆ, ಕೈಯಲ್ಲಿರುವುದು ಗಾಜು ಸೀಳಿದ ಮೊಬೈಲ್ ಒಂದೇ. ಅವಳಿಗೆ ಬಂದ 500 ಡಾಲರ್ ಹಳೆಯ ಬಾಕಿಗೆ ಜಮಾ ಆಗಿದ್ದರೆ ಕಾಲೇಜಿನ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿದಂತಾಗುತ್ತಿತ್ತೇ ಹೊರತು ಅವಳಿಗೆ ಲ್ಯಾಪ್‌ಟಾಪ್ ಬರುತ್ತಿರಲಿಲ್ಲ. ಅದಕ್ಕಾಗಿಯೇ ಮೊದಲ ಕಂತಿನಲ್ಲಿ, ಅಂದರೆ ಈ ಕಾಯ್ದೆಯಡಿ ಬಂದ ಹಣದಲ್ಲಿ, ವಿದ್ಯಾರ್ಥಿಗಳ ಪಾಲನ್ನು ಬಾಕಿಗೆ ಮುರಿದುಕೊಳ್ಳಕೂಡದೆಂದು ಶಿಕ್ಷಣ ಇಲಾಖೆ ಕಟ್ಟುನಿಟ್ಟಾಗಿ ಹೇಳಿತು. ಅನಂತರದ ಎರಡು ಕಾಯ್ದೆಗಳಡಿ ಬಂದ ಕಂತುಗಳಲ್ಲಿ ವಿದ್ಯಾರ್ಥಿ ತಾನಾಗಿ ಲಿಖಿತ ಒಪ್ಪಿಗೆ ಕೊಟ್ಟರಷ್ಟೇ ಬಾಕಿಗೆ ಹಾಕಿಕೊಳ್ಳಬಹುದಿತ್ತು, ಆ ಒಪ್ಪಿಗೆಯನ್ನು ಸಹಾಯಧನಕ್ಕೆ ಷರತ್ತಾಗಿಸುವಂತಿರಲಿಲ್ಲ. ಇದು ಸಾಲವಲ್ಲ, ತೆರಿಗೆಗೆ ಒಳಪಡುವ ಆದಾಯವೂ ಅಲ್ಲ.

ಬಾಕಿಯ ಬಗ್ಗೆ ತಮಗಿರುವ ಕಾಳಜಿ ಪೊಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಹಣ ಬರಬೇಕಾದ ಜೇಬು ಬೇರೆ, ಅಷ್ಟೆ. ಕಾಲೇಜಿಗೂ ಅದರದೇ ಪಾಲು ಸಿಕ್ಕಿತ್ತಲ್ಲ? ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2021ರ ಜುಲೈನಲ್ಲಿ, ಕೇಂದ್ರದಿಂದ ಬಂದ ಇದೇ ನಿಧಿಯನ್ನು ಬಳಸಿ, ಕನಿಷ್ಠ 50,000 ವಿದ್ಯಾರ್ಥಿಗಳ 12.5 ಕೋಟಿ ಡಾಲರ್‌ವರೆಗಿನ ಬಾಕಿಯನ್ನು ಮನ್ನಾ ಮಾಡುವುದಾಗಿ ಪ್ರಕಟಿಸಿತು. ಲೆಕ್ಕವೂ ಸರಿಹೋಯಿತು, ವಿದ್ಯಾರ್ಥಿಯ ಊಟದ ಕಾಸಿಗೂ ಯಾರೂ ಕೈಹಾಕಲಿಲ್ಲ.

ಲೆಕ್ಕದವರಾದ ತಮ್ಮ ಕಣ್ಣಿಗೆ ಬೀಳಬೇಕಾಗಿದ್ದ ನಿಜವಾದ ದೋಷ ಹಂಚಿಕೆಯ ಸೂತ್ರದಲ್ಲಿತ್ತು ಎಂದು ನನಗೆ ತೋರುತ್ತದೆ. ಯಾವ ಕಾಲೇಜಿಗೆ ಎಷ್ಟು ಎಂಬುದನ್ನು ನಿರ್ಧರಿಸುವಾಗ ಶೇ. 75ರಷ್ಟು ತೂಕವನ್ನು ‘ಪೆಲ್’ ಅನುದಾನ ಪಡೆಯುವ ಬಡ ವಿದ್ಯಾರ್ಥಿಗಳಿಗೂ ಶೇ. 25ರಷ್ಟನ್ನು ಉಳಿದವರಿಗೂ ಕೊಟ್ಟದ್ದು ನ್ಯಾಯವೇ. ಆದರೆ ಎಣಿಸಿದ್ದು ತಲೆಗಳನ್ನಲ್ಲ, ಪೂರ್ಣಾವಧಿಗೆ ಸಮನಾದ ಸಂಖ್ಯೆಯನ್ನು. ದುಡಿಯುತ್ತಾ ಅರ್ಧ ಹೊತ್ತು ಓದುವ ಇಬ್ಬರನ್ನು ಸೇರಿಸಿದರೆ ಲೆಕ್ಕದಲ್ಲಿ ಒಬ್ಬ. ಅರ್ಧ ಹೊತ್ತು ಓದುವವನಿಗೆ ಅರ್ಧ ಹೊಟ್ಟೆ ಇರುವುದಿಲ್ಲ. ಅಂಥವರೇ ತುಂಬಿರುವ, ಎರಡು ವರ್ಷದ ಕೋರ್ಸುಗಳ ಕಡಿಮೆ ಶುಲ್ಕದ ಸಮುದಾಯ ಕಾಲೇಜುಗಳಿಗೆ ಇದರಿಂದ ಪಾಲು ಕಡಿಮೆಯಾಯಿತು. 2020ರ ಡಿಸೆಂಬರಿನ ಎರಡನೆಯ ಕಾಯ್ದೆಯಲ್ಲಿ ತಲೆಗಣತಿಯನ್ನೂ ಸೂತ್ರಕ್ಕೆ ಸೇರಿಸಿ ಇದನ್ನು ಒಂದಿಷ್ಟು ಸರಿಪಡಿಸಲಾಯಿತು. ಇತ್ತ, ಭಾರೀ ದತ್ತಿನಿಧಿಯ ಹಾರ್ವರ್ಡ್‌ಗೂ ಸೂತ್ರ 86 ಲಕ್ಷ ಡಾಲರ್ ಗೊತ್ತುಮಾಡಿತ್ತು. ಟೀಕೆ ಜೋರಾದ ಮೇಲೆ ಅದು ತನಗೆ ಆ ಹಣ ಬೇಡವೆಂದಿತು.

ಇನ್ನು ತಮ್ಮ ತಂಗಿಯ ಮಗನ ವಿಷಯ. ಇಲ್ಲಿ ತಪ್ಪು ನಮ್ಮದು. ಕೇರ್ಸ್ ಕಾಯ್ದೆ ಹಣ ‘ವಿದ್ಯಾರ್ಥಿಗಳಿಗೆ’ ಎಂದಿತು, ಆದರೆ ವಿದ್ಯಾರ್ಥಿ ಎಂದರೆ ಯಾರು ಎಂದು ವಿವರಿಸಲಿಲ್ಲ. ಆಗಿನ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವೋಸ್ ಏಪ್ರಿಲ್ 9ರಂದು ಹಣ ಪ್ರಕಟಿಸಿದಾಗ, ಯಾರಿಗೆ ಎಷ್ಟು ಎಂಬ ತೀರ್ಮಾನವನ್ನು ಬಹುಪಾಲು ಕಾಲೇಜುಗಳಿಗೇ ಬಿಟ್ಟಂತೆ ಕಂಡಿತು. ಹನ್ನೆರಡು ದಿನಗಳ ಬಳಿಕ ಬಂದ ಮಾರ್ಗಸೂಚಿ ಬೇರೆಯೇ ರಾಗ ಹಾಡಿತು: ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಹರಾದವರು, ಅಥವಾ ಅರ್ಹರಾಗಬಲ್ಲವರು ಮಾತ್ರ ವಿದ್ಯಾರ್ಥಿಗಳು. ಆ ಅರ್ಹತೆಗೆ ಪೌರತ್ವ ಅಥವಾ ಕಾಯಂ ವಾಸದಂಥ ಹಕ್ಕು ಬೇಕು, ಓದಿನಲ್ಲಿ ತೃಪ್ತಿಕರ ಪ್ರಗತಿ ಇರಬೇಕು, ಹಳೆಯ ಶಿಕ್ಷಣ ಸಾಲದಲ್ಲಿ ಸುಸ್ತಿದಾರನಾಗಿರಬಾರದು. ಗಂಡುಹುಡುಗನಾದರೆ ಸೈನಿಕ ಸೇವೆಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕೆಂಬ ನಿಯಮವೂ ಆಗ ಇತ್ತು. ಮನೆ ಬಾಡಿಗೆ ಕಟ್ಟಲಾಗದವನಿಗೆ ತುರ್ತಾಗಿ ನಾಲ್ಕು ಕಾಸು ಕೊಡುವ ಮೊದಲು ಇವೆಲ್ಲವನ್ನೂ ತಾಳೆ ನೋಡುವುದೆಂದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ಯಾರ ಹೆಸರಿನಲ್ಲಿದೆ ಎಂದು ಪಹಣಿ ಹುಡುಕಿದಂತೆ. ಬಾಲ್ಯದಲ್ಲೇ ಬಂದು ದಾಖಲೆಯಿಲ್ಲದೆ ಬೆಳೆದವರು, ತಮ್ಮ ಹುಡುಗನಂತೆ ವಿದ್ಯಾರ್ಥಿ ವೀಸಾದ ಮೇಲೆ ಹೋದವರು, ಎಲ್ಲರೂ ಹೊರಗುಳಿದರು. ಮಾರ್ಚ್ 13ರಂದು ಪೂರ್ತಿ ಆನ್‌ಲೈನ್ ಕೋರ್ಸಿನಲ್ಲಿದ್ದವರಿಗೂ ಮೊದಲ ಕಂತು ಇರಲಿಲ್ಲ, ಅವರ ಪಾಲಿಗೆ ಕ್ಯಾಂಪಸ್ಸು ಮುಚ್ಚಲಿಲ್ಲ ಎಂಬ ತರ್ಕದಿಂದ.

ಹೊರಗುಳಿದವರಲ್ಲಿ ಪೌರರೂ ಇದ್ದರು. ಕೇಂದ್ರದ ನೆರವಿಗೆ ಎಂದೂ ಅರ್ಜಿ ಹಾಕದ ವಿದ್ಯಾರ್ಥಿಯ ಅರ್ಹತೆಯನ್ನು ಕಾಲೇಜು ಹೇಗೆ ಖಚಿತಪಡಿಸಿಕೊಳ್ಳಬೇಕು? ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಿ ರಾಜ್ಯದ್ದೇ ಶುಲ್ಕ ಮನ್ನಾ ಇರುವುದರಿಂದ ಅಂಥ ಅರ್ಜಿ ತುಂಬದವರು ಬಹಳ ಮಂದಿ. ಆ ಕಾಲೇಜುಗಳು ಮೇ ತಿಂಗಳಲ್ಲಿ ಇಲಾಖೆಯ ವಿರುದ್ಧ ಮೊಕದ್ದಮೆ ಹೂಡಿದವು. ಜೂನ್ 17ರಂದು ಅಲ್ಲಿನ ಫೆಡರಲ್ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್, ಆ ಕಾಲೇಜುಗಳ ಮಟ್ಟಿಗೆ ನಿರ್ಬಂಧಕ್ಕೆ ತಾತ್ಕಾಲಿಕ ತಡೆ ನೀಡಿದರು. ಅದೇ ದಿನ ಇಲಾಖೆ ಅದೇ ನಿರ್ಬಂಧವನ್ನು ಮಧ್ಯಂತರ ನಿಯಮವಾಗಿ ಗೆಜೆಟ್ಟಿನಲ್ಲಿ ಪ್ರಕಟಿಸಿತು. ಮೊದಲ ಕಂತಿನ ಹಣ ತುರ್ತಾಗಿ ಬೇಕಿದ್ದ ವಾರಗಳಲ್ಲೇ ಕಾಲೇಜುಗಳ ನೆರವು ವಿಭಾಗದವರು ಕೊಟ್ಟರೆ ಏನಾದೀತೋ, ಕೊಡದಿದ್ದರೆ ಏನಾದೀತೋ ಎಂದು ಕೈಕಟ್ಟಿ ಕೂರಬೇಕಾಯಿತು. ತಾವು ಆ ಮೇಜಿನ ಹಿಂದೆ ಕುಳಿತವರು. ಅವರ ಪಾಡು ತಮಗೆ ನನಗಿಂತ ಚೆನ್ನಾಗಿ ಅರ್ಥವಾದೀತು.

ಸರ್ಕಾರ ಬದಲಾದ ಮೇಲೆ, 2021ರ ಮಾರ್ಚ್ 11ರಂದು ಸಹಿಯಾದ ಮೂರನೆಯ ಕಾಯ್ದೆ ಸುಮಾರು 3,960 ಕೋಟಿ ಡಾಲರ್ ತಂದಿತು. ಅದೇ ವರ್ಷದ ಮೇ ತಿಂಗಳಲ್ಲಿ, ಮಿಗೆಲ್ ಕಾರ್ಡೋನಾ ಕಾರ್ಯದರ್ಶಿಯಾಗಿದ್ದಾಗ, ಇಲಾಖೆ ಅಂತಿಮ ನಿಯಮ ಹೊರಡಿಸಿ, ರಾಷ್ಟ್ರೀಯ ತುರ್ತುಸ್ಥಿತಿ ಘೋಷಣೆಯಾದ 2020ರ ಮಾರ್ಚ್ 13ರಂದು ಅಥವಾ ಅನಂತರ ದಾಖಲಾಗಿದ್ದ ಯಾರೇ ಆಗಲಿ ವಿದ್ಯಾರ್ಥಿಯೇ ಎಂದಿತು. ವೀಸಾದವರೂ ದಾಖಲೆಯಿಲ್ಲದವರೂ ಅದರಲ್ಲಿ ಸೇರಿದರು. ಹಾಗೆಂದು ಎಲ್ಲರಿಗೂ ಹಣ ಖಾತ್ರಿಯಾಗಲಿಲ್ಲ: ತೀವ್ರ ಅಗತ್ಯವಿರುವವರಿಗೆ ಮೊದಲ ಆದ್ಯತೆ ಕೊಡಬೇಕೆಂಬ ಕಟ್ಟಳೆಯೊಳಗೆ ಯಾರಿಗೆ ಎಷ್ಟೆಂದು ಗೊತ್ತುಮಾಡುವುದು ಆಯಾ ಕಾಲೇಜಿಗೇ ಉಳಿಯಿತು. ತಮ್ಮ ತಂಗಿಯ ಮಗನ ಖಾತೆಗೆ ಎರಡನೆಯ ವರ್ಷ ಹಣ ಬಿದ್ದದ್ದು ಈ ನಿಯಮದ ದೆಸೆಯಿಂದಲೇ ಇರಬೇಕು.

‘ಎಲ್ಲ ವಿದ್ಯಾರ್ಥಿಗಳಿಗೂ’ ಎಂಬ ನಮ್ಮ ವಾಕ್ಯ 2020ಕ್ಕೆ ಅನ್ವಯಿಸದು, 2021ಕ್ಕೂ ಅರ್ಧ ಮಾತ್ರ ಸರಿ. ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ, ಮೂಲ ಲೇಖನಕ್ಕೆ ಕೊಟ್ಟಷ್ಟೇ ದಪ್ಪ ಅಕ್ಷರಗಳಲ್ಲಿ, ಓದುಗರ ಪತ್ರಗಳ ಪುಟದ ಮೇಲ್ಭಾಗದಲ್ಲಿ ಪ್ರಕಟಿಸಿದ್ದೇವೆ.

– ಸಂಪಾದಕ